ಕುಶಾಲಪ್ಪಣ್ಣನ ಮುಜಂಟಿ ಜೇನು

ನಾನು ಗುತ್ತಿಗಾರಿನ ಕಡೆಯ ಒಂದು ಆರೋಗ್ಯ ಉಪಕೇಂದ್ರಕ್ಕೆ ನರ್ಸ್ ಆಗಿ ಹೋದ ಹೊಸತರಲ್ಲಿ, ಯಾವ ಬಾಣಂತಿಯ ಮನೆಗೆ ಕಾಲಿಟ್ಟರೂ ಕುಶಾಲಪ್ಪಣ್ಣ ನನಗಿಂತ ಮೊದಲು ಅಲ್ಲಿಗೆ ಬಂದು ಹೋಗಿರುತ್ತಿದ್ದರು. ತೂಕದ ತಕ್ಕಡಿಯನ್ನು ಹೆಗಲಿಗೆ ಹಾಕಿಕೊಂಡು, ಕಾಲಿಗೆ ಹತ್ತಿದ ಜಿಗಣೆಗಳನ್ನು ಕಿತ್ತು ಬಿಸಾಡುತ್ತ, ಗುಡ್ಡ ಹತ್ತಿ ಅಂಗಳ ತಲುಪಿದರೆ ಮನೆಯವರು ಮೊದಲು ಬೆಲ್ಲ ಮತ್ತು ನೀರು ತಂದಿಡುತ್ತಿದ್ದರು. ಆಮೇಲೆ ಮಗುವನ್ನು ತರುತ್ತಿದ್ದರು. ಮಗುವಿನ ತುಟಿಯ ಮೇಲೆ ಏನೋ ಅಂಟಂಟಾಗಿ ಹೊಳೆಯುತ್ತಿತ್ತು.

“ಎಂತ ಇದು?”

“ಎಂತ ಇಲ್ಲ ಸಿಸ್ಟರೇ, ಕುಶಾಲಪ್ಪಣ್ಣ ಬಂದಿದ್ರು.”

ಅಷ್ಟು ಹೇಳಿದರೆ ಎಲ್ಲ ಹೇಳಿದ ಹಾಗೆ ಅವರಿಗೆ. ನನಗೋ ಮೈಯೆಲ್ಲ ಉರಿಯುತ್ತಿತ್ತು. ತಾಯಿಯ ಹಾಲು ಬಿಟ್ಟು ಬೇರೇನನ್ನೂ ಬಾಯಿಗೆ ಮುಟ್ಟಿಸಬೇಡಿ ಎಂದು ಬಸುರಿಯರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಇವರು ನೋಡಿದರೆ ಹುಟ್ಟಿದ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಸೊಂಟದ ಮಡಿಕೆಯಲ್ಲಿ ಸೀಸೆ ಸಿಕ್ಕಿಸಿಕೊಂಡು ಹೊರಟುಬಿಡುತ್ತಿದ್ದರು.

ಆ ಸೀಸೆ ಹಿಂದೆ ಅತ್ತರಿನದು. ಯಾರೋ ಅಡಿಕೆ ವ್ಯಾಪಾರಿ ಸ್ನೇಹಿತರು ಕೊಟ್ಟದ್ದಂತೆ. ಹೆಬ್ಬೆರಳಿನಷ್ಟು ಉದ್ದ, ಗಾಜಿನದೇ ಬಿರಡೆ. ಒಳಗೆ ಮುಜಂಟಿ ಜೇನು. ಮುಜಂಟಿ ಎಂದರೆ ಕುಟುಕದ ಜೇನು, ನೊಣಕ್ಕಿಂತಲೂ ಸಣ್ಣ ಕಪ್ಪು ಹುಳು. ಕೆಂಪುಕಲ್ಲಿನ ಗೋಡೆಯ ಸಂದಿಯಲ್ಲೋ ಮರದ ಪೊಟರೆಯಲ್ಲೋ ಗೂಡು ಕಟ್ಟಿ, ಬಾಗಿಲಿಗೆ ಮೇಣದ ಒಂದು ಕೊಳವೆ ಇಟ್ಟುಕೊಳ್ಳುತ್ತದೆ. ಅಂಥ ಹುಳುಗಳನ್ನು ಕುಶಾಲಪ್ಪಣ್ಣ ಬಿದಿರಿನ ತುಂಡುಗಳಿಗೆ ಇಳಿಸಿ, ಮನೆಯ ಮಾಡಿನ ಕೆಳಗೆ ಸಾಲಾಗಿ ತೂಗುಹಾಕಿದ್ದರು. ವರ್ಷವಿಡೀ ಕಾದರೂ ಒಂದೊಂದು ಬಿದಿರಿನಲ್ಲಿ ಸಿಗುವುದು ಅಂಗೈ ತುಂಬುವಷ್ಟೂ ಇಲ್ಲ. ರುಚಿಯೂ ಬೇರೆ ಜೇನಿನ ಹಾಗಲ್ಲ. ಸಿಹಿಯ ಬೆನ್ನಿಗೇ ಹುಳಿ, ಕೊನೆಯಲ್ಲಿ ಸ್ವಲ್ಪ ಕಹಿ. ನಮ್ಮ ಕಡೆ ಅದು ಮದ್ದು, ಅದರಲ್ಲೂ ಮಕ್ಕಳ ಮದ್ದು.

ಆದರೆ ಕುಶಾಲಪ್ಪಣ್ಣ ಅದನ್ನು ಮದ್ದು ಎಂದು ಕೊಡುತ್ತಿರಲಿಲ್ಲ. ಬಂದವರು ಜಗಲಿಯಲ್ಲಿ ಕಾಲು ತೊಳೆದು, ಹೆಗಲ ಬೈರಾಸಿನಿಂದ ಕೈ ಒರೆಸಿಕೊಂಡು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದರು. ಬೆಳ್ಳಿಯ ಉಂಗುರದ ಅಂಚನ್ನು ಸೀಸೆಯಲ್ಲಿ ಅದ್ದಿ ಮಗುವಿನ ತುಟಿಗೆ ಮುಟ್ಟಿಸುತ್ತಿದ್ದರು. ಮಗು ಚಪ್ಪರಿಸಿತೋ, ಅವರ ಕೆಲಸ ಮುಗಿಯಿತು. ಚಹಾ ಕೂಡ ಕುಡಿಯದೆ ಎದ್ದು ಹೋಗುತ್ತಿದ್ದರು. ಗೌಡರ ಮನೆ, ಬ್ಯಾರಿಗಳ ಮನೆ, ರಬ್ಬರ್ ತೋಟದ ಕೂಲಿಯವರ ಲೈನ್ ಮನೆ ಎಂಬ ಭೇದವೇ ಇರಲಿಲ್ಲ. ಆನೆ ಇಳಿದಿದೆ ಎಂದು ಊರೆಲ್ಲ ಬಾಗಿಲು ಹಾಕಿಕೊಂಡ ದಿನಗಳಲ್ಲೂ, ಕಾಡಂಚಿನ ಮನೆಯಲ್ಲಿ ಹೆರಿಗೆಯಾಗಿದ್ದರೆ ಈ ಮನುಷ್ಯ ಹೋಗಿ ಬರುತ್ತಿದ್ದರು. ಆ ಊರಿನಲ್ಲಿ ನಾನು ಲಸಿಕೆ ಚುಚ್ಚಿದ ಮಕ್ಕಳೆಲ್ಲ ಮೊದಲು ಅವರ ಜೇನು ನೆಕ್ಕಿದವರು.

ಒಂದು ದಿನ ದಾರಿಯಲ್ಲೇ ಅವರನ್ನು ತಡೆದು ನಿಲ್ಲಿಸಿದೆ. ನನ್ನ ಬಾಯಿ ಸಣ್ಣದಲ್ಲ ಎಂದು ಪುತ್ತೂರಿನಿಂದ ಸುಬ್ರಹ್ಮಣ್ಯದವರೆಗೆ ಗೊತ್ತು. ಜೇನಿನಲ್ಲಿ ಒಂದು ಜಾತಿಯ ರೋಗದ ಬೀಜ ಇರಬಹುದು, ದೊಡ್ಡವರ ಹೊಟ್ಟೆಯಲ್ಲಿ ಅದು ಸುಮ್ಮನೆ ಸತ್ತುಹೋಗುತ್ತದೆ, ಒಂದು ವರ್ಷ ತುಂಬದ ಮಗುವಿನ ಕರುಳಿನಲ್ಲಿ ಮೊಳೆತು ವಿಷವಾಗುತ್ತದೆ, ಮಗುವಿನ ಉಸಿರೇ ನಿಲ್ಲಬಹುದು ಎಂದು ನಿಂತ ನಿಲುವಿನಲ್ಲಿ ಹೇಳಿದೆ. ಅವರು ಜಗಳಕ್ಕೆ ಬರುತ್ತಾರೆಂದು ನಾನು ತಯಾರಾಗಿಯೇ ಇದ್ದೆ.

ಅವರು ಕೇಳಿದ್ದು ಒಂದೇ. “ಇಷ್ಟರವರೆಗೆ ಯಾರಿಗಾದ್ರೂ ಹಾಗೆ ಆದದ್ದುಂಟಾ ಸಿಸ್ಟರೇ, ನನ್ನಿಂದ?”

“ನನಗೆ ಗೊತ್ತಿದ್ದ ಹಾಗೆ ಇಲ್ಲ. ಆಗದೆ ಇದ್ದದ್ದು ನಮ್ಮ ಪುಣ್ಯ. ಇನ್ನು ಆಗ್ಬಾರದು.”

“ಸರಿ. ಇನ್ನು ಕೊಡುದಿಲ್ಲ,” ಎಂದರು. ಬಂದ ದಾರಿಯಲ್ಲೇ ತಿರುಗಿ ನಡೆದರು.

ಕೊಡಲಿಲ್ಲ ಕೂಡ. ಕದ್ದು ಕರೆಸಿಕೊಳ್ಳಲು ನೋಡಿದ ಅಜ್ಜಿಯರಿಗೆ ಅವರೇ ಇಲ್ಲ ಎಂದರಂತೆ. ಜೇನಿಲ್ಲದ ಮೇಲೆ ಬರಿಗೈಯಲ್ಲಿ ಹೋಗುವುದು ಹೇಗೆಂದು ಬಾಣಂತಿಯರ ಮನೆಗೆ ಹೋಗುವುದನ್ನೇ ಬಿಟ್ಟರು. ಊರಿನವರು ಸ್ವಲ್ಪ ಕಾಲ ನನ್ನ ಮೇಲೆ ಮುಖ ಊದಿಸಿಕೊಂಡರು. ನಾನು ಹೇಳಿದ್ದು ಸರಿಯಾಗಿಯೇ ಇತ್ತು. ನಾಳೆ ಇನ್ನೊಬ್ಬರು ಸೀಸೆ ಹಿಡಿದು ಬಂದರೂ ಅದನ್ನೇ ಹೇಳುತ್ತೇನೆ. ಆದರೆ ಬೇಸರ ಎಂಬುದು ಸರಿ ತಪ್ಪು ನೋಡಿ ಬರುವುದಿಲ್ಲ. ತಕ್ಕಡಿ ಹೊತ್ತು ಗುಡ್ಡ ಹತ್ತುವಾಗ ಎದುರಿಗೆ ಬೈರಾಸು ಬೀಸುತ್ತ ಇಳಿದು ಬರುತ್ತಿದ್ದ ಆ ಉದ್ದನೆಯ ಮನುಷ್ಯ ಕಾಣದೆ ದಾರಿ ಬಿಕೋ ಎನ್ನುತ್ತಿತ್ತು.

ನನ್ನ ಮೇಲೆ ಅವರು ಹಗೆ ಇಟ್ಟುಕೊಳ್ಳಲಿಲ್ಲ. ನನಗೆ ಕೆಮ್ಮು ಬಂದಾಗಲೆಲ್ಲ ಹೆಂಡತಿ ಸೇವಂತಿಯ ಕೈಯಲ್ಲಿ ಜೇನು ಕಳಿಸುತ್ತಿದ್ದರು. “ಸಿಸ್ಟರಿಗೆ ಒಂದು ವರ್ಷ ತುಂಬಿದೆ ಅಂತ ಕಾಣ್ತದೆ, ಕೊಡ್ಬಹುದು,” ಎಂದು ಹೇಳಿ ಕಳಿಸುತ್ತಿದ್ದರಂತೆ.

ನಾನು ನಿವೃತ್ತಿಯಾಗಿ ಪುತ್ತೂರಿನ ನಮ್ಮ ಮನೆಗೆ ಬಂದೆ. ಆಮೇಲೆ ಎಷ್ಟೋ ಕಾಲ ಅವರ ಸುದ್ದಿಯೇ ಇರಲಿಲ್ಲ. ಕಳೆದ ವರ್ಷ ಒಂದು ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದಾಗ ಫೋನ್ ಬಂತು. ಕುಶಾಲಪ್ಪಣ್ಣನ ಧ್ವನಿ ಗುರುತು ಸಿಕ್ಕಿತು, ಮಾತು ಅರ್ಥವಾಗಲು ಹೊತ್ತು ಹಿಡಿಯಿತು. ಅವರ ಮಗಳು ಸುಪ್ರಿತಾಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಇಚಿಲಂಪಾಡಿಯ ಗಂಡನ ಮನೆಯಿಂದ ನೇರ ಪುತ್ತೂರಿನ ಆಸ್ಪತ್ರೆಗೆ ತಂದಿದ್ದರು. ಹೆರಿಗೆಯ ಬೆನ್ನಿಗೇ ರಕ್ತ ಹೋಗಲು ಶುರುವಾಗಿ ಅವಳನ್ನು ಮಂಗಳೂರಿಗೆ ಕಳಿಸಬೇಕಾಯಿತು. ಅಳಿಯ ರಕ್ಷಿತ್ ಮತ್ತು ಸೇವಂತಿ ಅವಳ ಜೊತೆ ಹೋಗಿದ್ದರು. ಹೆಣ್ಣು ಮಗು ತೀರಾ ಸಣ್ಣದು, ಅಷ್ಟು ದೂರ ಸಾಗಿಸುವುದು ಬೇಡ ಎಂದು ಡಾಕ್ಟರು ಇಲ್ಲೇ ಇಟ್ಟುಕೊಂಡಿದ್ದರು. ರಕ್ಷಿತನ ತಾಯಿಗೆ ಜ್ವರ ಮತ್ತು ಶೀತ, ಅವರನ್ನು ಒಳಗೆ ಬಿಡುವ ಹಾಗಿಲ್ಲ.

“ಈಗ ಮಗುವಿಗೆ ಇರುದು ನಾನೊಬ್ಬ ಸಿಸ್ಟರೇ. ನೀವೊಮ್ಮೆ ಬನ್ನಿ. ಇಲ್ಲಿಯವರು ಎಂತ ಹೇಳ್ತಾರೆ ಅಂತ ನನಗೆ ತಿಳಿಯುದಿಲ್ಲ.”

ಹೋದೆ. ನವಜಾತ ಶಿಶುಗಳ ಕೋಣೆಯ ಹೊರಗೆ ಗೋಡೆಗೆ ತಾಗಿದ ಬೆಂಚಿನಲ್ಲಿ ಅವರು ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅದೇ ಬೈರಾಸು, ಅದೇ ಮಡಿಸಿದ ಮುಂಡು. ಸೊಂಟದ ಎಡಗಡೆ ಮಡಿಕೆಯಲ್ಲಿ ಸಣ್ಣ ಉಬ್ಬು ಕಂಡಿತು. ಅದೇನೆಂದು ನಾನು ಕೇಳಬೇಕಾಗಿರಲಿಲ್ಲ.

ಆ ಹೊತ್ತಿಗೇ ಬಾಗಿಲ ಆಚೆ ಮಗು ಅತ್ತಿತು. ಸಣ್ಣ ಮಕ್ಕಳ ಅಳು ಜೋರಾಗಿ ಇರುವುದಿಲ್ಲ. ಬೆಕ್ಕಿನ ಮರಿ ಕೂಗಿದ ಹಾಗೆ, ತುಂಡು ತುಂಡಾಗಿ. ಕುಶಾಲಪ್ಪಣ್ಣ ಬೈರಾಸನ್ನು ಬಾಯಿಗೆ ಒತ್ತಿಕೊಂಡರು. ಮಗುವಿನ ಸಕ್ಕರೆಯ ಅಂಶ, ಕಾಮಾಲೆ ನೋಡಲು ಹಿಮ್ಮಡಿಗೆ ಚುಚ್ಚಿ ರಕ್ತದ ಹನಿ ತೆಗೆಯುತ್ತಾರೆ, ಇದು ಎಲ್ಲ ಸಣ್ಣ ಮಕ್ಕಳಿಗೂ ಇದ್ದದ್ದೇ ಎಂದು ನಾನು ಸಮಾಧಾನ ಹೇಳಿದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅಳು ನಿಂತ ಮೇಲೆ ನೆಲ ನೋಡುತ್ತ ಮಾತಾಡಿದರು.

“ನಮಗೆ ಮೊದಲು ಒಬ್ಬ ಹುಟ್ಟಿದ್ದ. ನಿಮಗೆ ಗೊತ್ತಿಲ್ಲ, ನೀವು ನಮ್ಮ ಊರಿಗೆ ಬರ್ಲಿಕ್ಕೆ ಮೊದಲಿನ ಮಾತು. ಅವನೂ ಹೀಗೆ, ದಿನ ತುಂಬದ್ದು. ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ಅವನನ್ನು ಒಳಗೆ ತಗೊಂಡು ಬಾಗಿಲು ಹಾಕಿದ್ರು. ನಾನು ಹೊರಗೆ. ಚುಚ್ಚುವಾಗೆಲ್ಲ ಅಳು ಕೇಳ್ತದೆ. ಒಳಗೆ ಬಿಡುದಿಲ್ಲ. ಇಷ್ಟು ಸಣ್ಣದಕ್ಕೆ ನೋವು ಎಲ್ಲಿ ಗೊತ್ತಾಗ್ತದೆ, ಸುಮ್ಮನೆ ಕೂತ್ಕೊಳ್ಳಿ ಅಂತ ಒಬ್ರು ಹೇಳಿದ್ರು. ಕೂತ್ಕೊಂಡೆ. ಅವನು ಹೋದ.”

 ಅದು ಅಂದಿನ ಕಾಲದ ತಿಳಿವಳಿಕೆ. ಹುಟ್ಟಿದ ಮಕ್ಕಳಿಗೆ ನೋವು ತಿಳಿಯುವುದಿಲ್ಲ ಎಂದೇ ದೊಡ್ಡ ದೊಡ್ಡವರೂ ನಂಬಿದ್ದ ಕಾಲವಿತ್ತು.

“ಅವನಿಗೆ ಒಂದು ಹನಿ ಸಿಹಿಯೂ ಸಿಗ್ಲಿಲ್ಲ ಸಿಸ್ಟರೇ,” ಎಂದರು ಕುಶಾಲಪ್ಪಣ್ಣ. “ಬಂದದ್ದಕ್ಕೆ ಅವನಿಗೆ ಸಿಕ್ಕಿದ್ದು ಸೂಜಿ ಮಾತ್ರ.”

ಅಷ್ಟು ವರ್ಷ ಅವರು ಗುಡ್ಡ ಹತ್ತಿ ಇಳಿದದ್ದು ಯಾಕೆಂದು ನನಗೆ ಆಗ ತಿಳಿಯಿತು. ಅವರ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ. ಅವರೇ ತಮ್ಮ ಬೈರಾಸಿನ ಇನ್ನೊಂದು ತುದಿಯನ್ನು ನನ್ನ ಕಡೆ ಚಾಚಿದರು. ಅದಕ್ಕೆ ಹೊಗೆಸೊಪ್ಪಿನ ವಾಸನೆ.

ಸ್ವಲ್ಪ ಹೊತ್ತಿನಲ್ಲಿ ಬಾಗಿಲು ತೆರೆದು ಒಬ್ಬಳು ನರ್ಸ್ ಹೊರಗೆ ಬಂದಳು. ಫಾತಿಮತ್ ಝುಹ್ರಾ ಎಂದು ಹೆಸರು, ಈಶ್ವರಮಂಗಲದವಳು. ನಾನೂ ಇದೇ ಕಸುಬಿನವಳು ಎಂದು ತಿಳಿದ ಮೇಲೆ ನನ್ನನ್ನು ಅಕ್ಕ ಎನ್ನತೊಡಗಿದಳು.

“ಮಗುವಿಗೆ ಇನ್ನೂ ಕೆಲವು ದಿನ ಹಿಮ್ಮಡಿಗೆ ಚುಚ್ಚುದು ತಪ್ಪುದಿಲ್ಲ ಅಕ್ಕ,” ಎಂದಳು. “ತಾಯಿ ಇದ್ರೆ ಹಾಲು ಕುಡಿಸ್ತಾ ಇರುವಾಗ್ಲೇ ಚುಚ್ಚಿಬಿಡ್ತೇವೆ, ಹೆಚ್ಚಿನ ಮಕ್ಕಳಿಗೆ ಅದರಷ್ಟು ಒಳ್ಳೇದು ಬೇರೆ ಇಲ್ಲ. ಈಗ ಯಾರಾದ್ರೂ ಎದೆಗೆ ಹಾಕ್ಕೊಂಡು ಕೂತ್ಕೊಂಡ್ರೂ ಆಗ್ತದೆ. ಮೈಗೆ ಮೈ ತಾಗಿಸಿ. ಬೆಚ್ಚಗಿದ್ರೆ, ಎದೆಬಡಿತ ಕೇಳ್ತಾ ಇದ್ರೆ ಅವಕ್ಕೆ ನೋವು ಕಡಿಮೆ ಗೊತ್ತಾಗುದು. ಮನೆಯ ಹೆಂಗಸರು ಯಾರಿದ್ದಾರೆ?”

ನಾನಿದ್ದೇನೆ ಎನ್ನಲು ಬಾಯಿ ತೆರೆದೆ. ಆದರೆ ಕಣ್ಣು ಕುಶಾಲಪ್ಪಣ್ಣನ ಕಡೆ ಹೋಯಿತು. ಬಾಯಿ ಮುಚ್ಚಿಕೊಂಡೆ. ಜೀವಮಾನದಲ್ಲಿ ನಾನು ಸರಿಯಾದ ಹೊತ್ತಿಗೆ ಬಾಯಿ ಮುಚ್ಚಿಕೊಂಡದ್ದು ಅಪರೂಪ.

“ಗಂಡಸರು ಆಗುದಿಲ್ವಾ?” ಎಂದೆ.

“ಯಾಕೆ ಆಗುದಿಲ್ಲ? ಅಪ್ಪಂದಿರು ಕೂತ್ಕೊಳ್ತಾರೆ. ಅಜ್ಜನೂ ಆಗ್ತದೆ. ಜ್ವರ, ಕೆಮ್ಮು, ಚರ್ಮದ ತೊಂದರೆ ಇರ್ಬಾರದು. ಸ್ನಾನ ಮಾಡಿ ಒಗೆದ ಬಟ್ಟೆ ಹಾಕಿರ್ಬೇಕು. ಮತ್ತೆ...” ಅವಳು ಅವರ ಕೆಂಪು ಹಲ್ಲುಗಳನ್ನು ನೋಡಿದಳು. “ಅಜ್ಜಾ, ಈ ಹೊಗೆಸೊಪ್ಪು ಬಿಡ್ಬೇಕು.”

ಎಲೆಯಡಿಕೆಯ ಚೀಲವನ್ನು ಮಗ್ಗುಲಿನಿಂದ ಬಿಟ್ಟಿರದ ಮನುಷ್ಯ. ಹಿಂದುಮುಂದು ನೋಡದೆ ಅದನ್ನು ತೆಗೆದು ನನ್ನ ಕೈಗೆ ಹಾಕಿದರು. ಆದರೆ ಒಳಗೆ ಹೋಗಲು ಏಳಲಿಲ್ಲ.

“ನಾನು ಹಿಡಿದ್ರೆ ಎಂತ ಆಗುದು ಮಗಳೇ? ನನ್ನ ಹತ್ರ ಹಾಲಿಲ್ಲ, ಎಂತ ಇಲ್ಲ. ಬರಿ ಎಲುಬು.”

“ಎಲುಬು ಸಾಕು. ನಾವು ಚುಚ್ಚುವ ಮೊದಲು ನಾಲಿಗೆಗೆ ಒಂದೆರಡು ಹನಿ ಸಕ್ಕರೆ ನೀರೂ ಕೊಡ್ತೇವೆ. ಎರಡೂ ಸೇರಿದ್ರೆ ಅಳು ಕಡಿಮೆ.”

ಅಯ್ಯೋ, ಆ ಮಾತು ಅವಳು ಹೇಳಬಾರದಿತ್ತು. ಕುಶಾಲಪ್ಪಣ್ಣ ಬೆಂಚಿನಿಂದ ಎದ್ದು ನಿಂತರು. ಅವರು ನೋಡಿದ್ದು ಅವಳನ್ನಲ್ಲ, ನನ್ನನ್ನು.

“ಕೇಳಿದ್ರಾ ಸಿಸ್ಟರೇ? ಸಿಹಿ ಕೊಡ್ತಾರಂತೆ. ಆಸ್ಪತ್ರೆಯವರೇ.”

“ಕುಶಾಲಪ್ಪಣ್ಣ...”

“ನಾನು ಮಾಡ್ತಾ ಇದ್ದದ್ದು ಅದನ್ನೇ ಅಲ್ವಾ? ನೀವು ಬೇಡ ಹೇಳಿದ್ರಿ. ನಾನು ಬಿಟ್ಟೆ. ಎಷ್ಟು ಮಕ್ಕಳು ಹುಟ್ಟಿದ್ರು ಆಮೇಲೆ, ಒಂದರ ಮುಖ ನೋಡ್ಲಿಕ್ಕೂ ನಾನು ಹೋಗ್ಲಿಲ್ಲ.”

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ತಿರುಗಿ ಹೇಳುತ್ತಿದ್ದೆ. ಝುಹ್ರಾ ಏನೂ ಅರ್ಥವಾಗದೆ ಇಬ್ಬರನ್ನೂ ನೋಡುತ್ತಿದ್ದಳು. ಅವಳಿಗೆ ಮುಜಂಟಿಯ ಕತೆಯನ್ನು ಚುಟುಕಾಗಿ ಹೇಳಿದೆ.

“ಅಜ್ಜಾ, ಸಿಹಿ ತಪ್ಪಲ್ಲ, ಜೇನು ತಪ್ಪು,” ಎಂದಳು ಅವಳು. “ನಮ್ಮದು ಶುದ್ಧ ಮಾಡಿ ಬಂದ ಸಕ್ಕರೆ ನೀರು. ಡಾಕ್ಟರು ಹೇಳಿದಷ್ಟೇ ಹನಿ, ಚುಚ್ಚುವಾಗ ಮಾತ್ರ. ಮನೆಯಲ್ಲಿ ಅದನ್ನೂ ಕೊಡ್ಲಿಕ್ಕಿಲ್ಲ. ಜೇನು ಹಾಗಲ್ಲ. ನಿಮ್ಮ ತೋಟದಲ್ಲಿ ಒಳ್ಳೆ ಮಣ್ಣಿನಲ್ಲೂ ಕಳೆಯ ಬೀಜ ಇರ್ತದಲ್ವಾ, ಕಣ್ಣಿಗೆ ಕಾಣ್ತದಾ?”

 ಅವರು ಸ್ನಾನದ ಮನೆ ಎಲ್ಲಿ ಎಂದು ಕೇಳಿದರು.

ಸ್ನಾನ ಮಾಡಿ, ನಾನು ತಂದುಕೊಟ್ಟ ನಮ್ಮ ಮನೆಯವರ ಒಗೆದ ಮುಂಡು ಉಟ್ಟು ಒಳಗೆ ಹೋದರು. ಒಬ್ಬರಿಗೆ ಮಾತ್ರ ಒಳಗೆ ಜಾಗ. ನಾನು ಬಾಗಿಲ ಗಾಜಿನ ಹೊರಗೆ ನಿಂತೆ. ಝುಹ್ರಾ ಅವರನ್ನು ಒರಗುಕುರ್ಚಿಯಲ್ಲಿ ಕೂರಿಸಿ, ಟೊಪ್ಪಿ ಮತ್ತು ಡಯಾಪರು ಬಿಟ್ಟರೆ ಬರಿಮೈಯಲ್ಲಿದ್ದ ಮಗುವನ್ನು ಅವರ ಎದೆಯ ಮೇಲೆ ಕವುಚಿ ಮಲಗಿಸಿ, ಮೇಲಿನಿಂದ ಬಟ್ಟೆ ಸುತ್ತಿದಳು. ಆ ಬಿಳಿ ರೋಮದ ಎದೆಯಲ್ಲಿ ಮಗು ಒಂದು ಹಿಡಿಯಷ್ಟು ಕಂಡಿತು. ಅದು ಸ್ವಲ್ಪ ಹೊತ್ತು ಅಲ್ಲಾಡಿ, ಮುಖವನ್ನು ಒಂದು ಕಡೆ ತಿರುಗಿಸಿ ಸುಮ್ಮನಾಯಿತು. ಕುಶಾಲಪ್ಪಣ್ಣ ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ನನಗೇ ಅನುಮಾನ ಬಂತು.

ಹಾಗೆಯೇ ಸ್ವಲ್ಪ ಹೊತ್ತು ಕೂರಿಸಿ, ಹಿಮ್ಮಡಿಗೆ ಇಡುವ ಬಿಸಿ ಬಟ್ಟೆ ತರಲು ಝುಹ್ರಾ ಆಚೆ ಹೋದಳು. ಕುಶಾಲಪ್ಪಣ್ಣನ ಎಡಗೈ ಮೆಲ್ಲಗೆ ಸೊಂಟಕ್ಕೆ ಇಳಿಯಿತು.

 ಮುಂಡು ಬದಲಿಸಿದರೂ ಸೀಸೆ ಬಿಟ್ಟಿರಲಿಲ್ಲ ಈ ಮನುಷ್ಯ. ಮಡಿಕೆಯಿಂದ ಅದನ್ನು ತೆಗೆದು ಮುಖದ ಹತ್ತಿರ ಹಿಡಿದರು. ಬೆಳಕಿಗೆ ಜೇನು ಕೆಂಪಗೆ ಹೊಳೆಯಿತು. ಮಗುವಿನ ಬಾಯಿ ಅವರ ಎದೆಯ ಮೇಲೆ ಏನನ್ನೋ ಹುಡುಕುತ್ತಿತ್ತು. ಒಂದು ಹನಿ ಸಾಕು, ಯಾರೂ ನೋಡುವುದಿಲ್ಲ. ನಾನು ಬಾಗಿಲು ಬಡಿದರೆ ಮಕ್ಕಳೆಲ್ಲ ಬೆಚ್ಚಿ ಏಳುತ್ತಾರೆ, ಬಡಿಯದಿದ್ದರೆ ಏನಾಗುತ್ತದೋ ತಿಳಿಯದು. ಬಡಿಯಲೆಂದು ಕೈ ಎತ್ತಿದೆ.

ಅಷ್ಟರಲ್ಲಿ ಝುಹ್ರಾ ಬಂದಳು. ಅವಳು ಸೀಸೆಯನ್ನು ನೋಡಿ ನಿಂತುಬಿಟ್ಟಳು. ಏನೂ ಬೈಯಲಿಲ್ಲ. ಮಗುವಿನ ಹಿಮ್ಮಡಿಗೆ ಬಿಸಿ ಬಟ್ಟೆ ಸುತ್ತಿದಳು. ಅಲ್ಲಿಯ ಮಾತು ನನಗೆ ಕೇಳಿಸಲಿಲ್ಲ, ಅವಳೇ ಆಮೇಲೆ ಹೇಳಿದ್ದು.

“ಅಜ್ಜಾ, ಚುಚ್ಚುವಾಗ ಮಗು ಕೈಕಾಲು ಬಿಚ್ಚಿ ಒದ್ದಾಡ್ತದೆ. ಹಾಗೆ ಬಿಡ್ಬಾರದು. ಹೊಟ್ಟೆಯೊಳಗೆ ಇದ್ದ ಹಾಗೆ ಮುದುಡಿ ಇರ್ಬೇಕು. ನೀವು ಒಂದು ಕೈ ತಲೆಯ ಮೇಲೆ ಇಡಿ. ಇನ್ನೊಂದರಲ್ಲಿ ಈ ಕಾಲನ್ನು ಮಡಚಿ ಹಿಡ್ಕೊಳ್ಳಿ, ನಾನು ಚುಚ್ಚುವ ಕಾಲು ಬಿಟ್ಟು. ಒತ್ತುದು ಬೇಡ, ಉಜ್ಜುದು ಬೇಡ. ಸುಮ್ಮನೆ ಹಿಡಿದ್ರೆ ಸಾಕು.”

“ಎರಡೂ ಕೈ ಬೇಕಾ?”

“ಎರಡೂ ಬೇಕು.”

ಅವರು ಸೀಸೆಯನ್ನು ಒಮ್ಮೆ ನೋಡಿದರಂತೆ. “ಹಾಗಾದ್ರೆ ಇದನ್ನು ನೀನೇ ಇಟ್ಕೋ ಮಗಳೇ,” ಎಂದು ಅವಳ ಕೋಟಿನ ಜೇಬಿಗೆ ಹಾಕಿದರಂತೆ.

ಆಮೇಲಿನದ್ದನ್ನು ನಾನು ಕಣ್ಣಾರೆ ನೋಡಿದೆ. ಒಂದು ಅಂಗೈ ಮಗುವಿನ ತಲೆಗೆ ಟೊಪ್ಪಿಯ ಮೇಲೆ ಇನ್ನೊಂದು ಟೊಪ್ಪಿಯಾಯಿತು. ಇನ್ನೊಂದು ಕೈಯಲ್ಲಿ ಮಡಚಿದ ಪುಟ್ಟ ಕಾಲು. ಮುಜಂಟಿಯ ಗೂಡಿನ ಮೇಣವನ್ನು ಒಡೆಯದೆ ಬಿಡಿಸುವ ಬೆರಳುಗಳವು, ಎಷ್ಟು ಹಿಡಿಯಬೇಕೋ ಅಷ್ಟೇ ಹಿಡಿದವು. ಝುಹ್ರಾ ನಾಲಿಗೆಗೆ ಆಸ್ಪತ್ರೆಯ ಹನಿ ಹಾಕಿ, ಸ್ವಲ್ಪ ಕಾದು, ಹಿಮ್ಮಡಿಗೆ ಚುಚ್ಚಿದಳು. ಮಗುವಿನ ಹುಬ್ಬು ಗಂಟಾಯಿತು. ಬಾಯಿ ತೆರೆಯಿತು. ಒಂದು ಸಲ ಮಾತ್ರ ಅಳು ಬಂತು, ಅದೂ ಅರ್ಧಕ್ಕೆ ನಿಂತಿತು. ಬೆರಳುಗಳು ಅಜ್ಜನ ಎದೆಯ ರೋಮವನ್ನು ಗಟ್ಟಿಯಾಗಿ ಹಿಡಿದುಕೊಂಡವು. ರಕ್ತದ ಹನಿ ತೆಗೆದು ಹತ್ತಿ ಒತ್ತಿದಾಗ ಅದು ಆಗಲೇ ನಿದ್ದೆಗೆ ಜಾರುತ್ತಿತ್ತು.

ಅಳುತ್ತಿದ್ದದ್ದು ಕುಶಾಲಪ್ಪಣ್ಣ. ಎರಡೂ ಕೈ ಹಿಡಿದುಕೊಂಡಿದ್ದರಿಂದ ಒರೆಸಿಕೊಳ್ಳಲಾಗದೆ ಕಣ್ಣೀರು ಕಿವಿಯವರೆಗೆ ಇಳಿಯುತ್ತಿತ್ತು. ಝುಹ್ರಾ ತನ್ನ ತೋಳಿನಿಂದ ಅವರ ಕೆನ್ನೆ ಒರೆಸಿದಳು. ಹೊರಗೆ ನನ್ನದನ್ನು ಒರೆಸುವವರು ಯಾರೂ ಇರಲಿಲ್ಲ, ಅವರ ಎಲೆಯಡಿಕೆ ಚೀಲದಿಂದಲೇ ಒರೆಸಿಕೊಂಡೆ.

ಆಮೇಲೆ ಸುಪ್ರಿತಾ ಬರುವವರೆಗೆ ದಿನಾ ಅದೇ ಕೆಲಸ. ಬೆಳಿಗ್ಗೆ ಸ್ನಾನ ಮಾಡಿ ಮಕ್ಕಳ ಕೋಣೆಯ ಮುಂದೆ ನಿಲ್ಲುತ್ತಿದ್ದರು. ಊಟಕ್ಕೆ ನಮ್ಮ ಮನೆಗೆ ಬರುತ್ತಿದ್ದರು. ಹೊಗೆಸೊಪ್ಪು ಬಿಟ್ಟ ಚಡಪಡಿಕೆಗೆ ನಮ್ಮ ಮನೆಯ ಬೆಲ್ಲದ ಡಬ್ಬವನ್ನೆಲ್ಲ ಖಾಲಿ ಮಾಡಿದರು. ಬೇರೆ ಮಕ್ಕಳ ಅಪ್ಪಂದಿರು ಹೊರಗೆ ಮೊಬೈಲು ನೋಡುತ್ತ ಕೂತಿದ್ದರೆ ಇವರು ಬಿಡುತ್ತಿರಲಿಲ್ಲ. “ಎಂತ ಮಾರಾಯ, ಅಂಗಿ ಬಿಚ್ಚಿ ಕೂತ್ಕೊಳ್ಳಿಕ್ಕೆ ನಾಚಿಕೆಯಾ? ಅಲ್ಲಿ ನಿನ್ನ ಮಗುವಿಗೆ ಚುಚ್ತಾ ಇದ್ದಾರೆ. ಹೋಗಿ ಕೇಳು, ನಾನು ಹಿಡ್ಕೊಳ್ಬಹುದಾ ಅಂತ.” ಒಬ್ಬಿಬ್ಬರು ಹೋದದ್ದನ್ನು ನಾನೇ ನೋಡಿದೆ.

ಸುಪ್ರಿತಾ ಸುಧಾರಿಸಿಕೊಂಡು ಮಂಗಳೂರಿನಿಂದ ಬಂದಳು. ಬಿಳಿಚಿಕೊಂಡಿದ್ದ ಹುಡುಗಿ ಮಗುವನ್ನು ಕೈಗೆ ತೆಗೆದುಕೊಳ್ಳಲೂ ಹೆದರುತ್ತಿದ್ದಳು. ಚುಚ್ಚುವ ಹೊತ್ತಿಗೆ ಎದ್ದು ಹೊರಗೆ ಹೋಗಲು ನೋಡಿದಳು, ನಮ್ಮ ಕಡೆಯ ತಾಯಂದಿರೆಲ್ಲ ಹಾಗೆಯೇ. ಸೂಜಿಯ ಹೊತ್ತಿಗೆ ಮಗುವನ್ನು ಅಜ್ಜಿಯ ಕೈಗೆ ಕೊಟ್ಟು, ಕಿವಿ ಮುಚ್ಚಿಕೊಂಡು ಅಂಗಳಕ್ಕೆ ಓಡುವವರನ್ನು ನಾನು ಉಪಕೇಂದ್ರದಲ್ಲಿ ಎಷ್ಟು ನೋಡಿಲ್ಲ. ಕುಶಾಲಪ್ಪಣ್ಣ ಬಾಗಿಲಲ್ಲಿ ಅಡ್ಡ ನಿಂತರು.

“ಹೋಗುದು ಬೇಡ ಮಗಾ. ಹಾಲು ಕುಡಿಸು. ಕುಡಿಯುವಾಗ್ಲೇ ಚುಚ್ಲಿ. ನಿನ್ನ ಅಣ್ಣ ಒಳಗೆ ಒಬ್ಬನೇ ಇದ್ದ.”

ಅಣ್ಣ ಒಬ್ಬನಿದ್ದ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಅವಳು ಅಪ್ಪನ ಮುಖ ನೋಡಿದಳು, ಸೇವಂತಿಯ ಮುಖ ನೋಡಿದಳು. ಸೇವಂತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದ್ದರು. ಸುಪ್ರಿತಾ ಏನೂ ಕೇಳದೆ ಕೂತು ಮಗುವನ್ನು ಎದೆಗೆ ಹಾಕಿಕೊಂಡಳು. ಆ ದಿನ ಮಗು ಅಳಲೇ ಇಲ್ಲ. ಗುಟುಕು ಒಮ್ಮೆ ತಪ್ಪಿತು, ಮತ್ತೆ ಕುಡಿಯಿತು.

ಮನೆಗೆ ಹೊರಟ ದಿನ ಝುಹ್ರಾ ಸೀಸೆಯನ್ನು ಅವರಿಗೆ ಹಿಂದೆ ಕೊಟ್ಟಳು. ಕುಶಾಲಪ್ಪಣ್ಣ ಅದನ್ನು ನನ್ನ ಕೈಯಲ್ಲಿಟ್ಟರು.

“ನಿಮ್ಮ ಹತ್ರ ಇರ್ಲಿ. ನನ್ನ ಹತ್ರ ಇದ್ರೆ ಯಾವ ಹೊತ್ತಿಗೆ ಮನಸ್ಸು ಹೇಗೋ. ಅವಳಿಗೆ ವರ್ಷ ತುಂಬಿದ ಮೇಲೆ ತನ್ನಿ.”

ನಮ್ಮ ದೇವರ ಕೋಣೆಯ ಗೂಡಿನಲ್ಲಿ ಆ ಸೀಸೆ ಒಂದು ವರ್ಷ ಕೂತಿತ್ತು. ದೀಪ ಹಚ್ಚುವಾಗೆಲ್ಲ ಕಣ್ಣಿಗೆ ಬೀಳುತ್ತಿತ್ತು. ಗುತ್ತಿಗಾರಿನ ಆ ದಾರಿ, ಒದ್ದೆ ಎಲೆಯ ವಾಸನೆ, ಬೆಲ್ಲ ನೀರು, ಗುಡ್ಡ ಇಳಿದು ಬರುವ ಬೈರಾಸು, ಅಂಟು ತುಟಿಯ ಮಕ್ಕಳು ನೆನಪಾಗುತ್ತಿದ್ದರು. ಆ ಮಕ್ಕಳಿಗೆಲ್ಲ ಈಗ ಮೀಸೆ ಬಂದಿದೆ, ಕೆಲವರಿಗೆ ಮಕ್ಕಳೂ ಆಗಿವೆ. ತಮ್ಮ ಬಾಯಿಗೆ ಮೊದಲು ಏನು ತಾಗಿತೆಂದು ಅವರಲ್ಲಿ ಯಾರಿಗೂ ನೆನಪಿರಲಾರದು.

ಮಗುವಿಗೆ ಮನ್ವಿತಾ ಎಂದು ಹೆಸರಿಟ್ಟಿದ್ದರು. ಮೊದಲ ಹುಟ್ಟುಹಬ್ಬಕ್ಕೆ ಇಚಿಲಂಪಾಡಿಗೆ ಹೋದೆ. ಅಂಗಳದಲ್ಲಿ ಶಾಮಿಯಾನ, ಬಲೂನು, ಕೇಕು ಎಲ್ಲ ಇತ್ತು. ಕುಶಾಲಪ್ಪಣ್ಣ ಹೊಸ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕಾಯುತ್ತಿದ್ದರು. ಹಲ್ಲು ಬೆಳ್ಳಗಾಗಲು ಶುರುವಾಗಿತ್ತು. ನಾನು ಚೀಲದಿಂದ ಸೀಸೆ ತೆಗೆಯುವುದನ್ನೇ ನೋಡುತ್ತಿದ್ದರು.

“ಈಗ ಅಡ್ಡಿ ಇಲ್ವಲ್ಲ ಸಿಸ್ಟರೇ?”

“ಇಲ್ಲ. ಕೊಡಿ.”

ಕಾಲು ತೊಳೆದು ಬಂದರು. ಕೈ ಒರೆಸಿಕೊಂಡರು. ಸುಪ್ರಿತಾ ಮಗುವನ್ನು ಅವರ ತೊಡೆಯ ಮೇಲೆ ಕೂರಿಸಿದಳು. ಅದೇ ಉಂಗುರದ ಅಂಚನ್ನು ಸೀಸೆಯಲ್ಲಿ ಅದ್ದಿ, ಹಿಂದಿನ ಹಾಗೆಯೇ ತುಟಿಗೆ ಮುಟ್ಟಿಸಿದರು. ಸುತ್ತ ನಿಂತವರೆಲ್ಲ ಬಾಗಿ ನೋಡುತ್ತಿದ್ದರು. ಸೇವಂತಿಯಂತೂ ಕೈ ಮುಗಿದು ನಿಂತಿದ್ದರು.

ಮನ್ವಿತಾ ಚಪ್ಪರಿಸಿದಳು. ಒಂದು ಕ್ಷಣ ಕಣ್ಣು ಅರಳಿಸಿದಳು. ಆಮೇಲೆ ಆ ಹುಳಿ ನಾಲಿಗೆಗೆ ತಾಗಿರಬೇಕು, ಮುಖವೆಲ್ಲ ಹಿಂಡಿಕೊಂಡು ಥೂ ಎಂದು ಉಗಿದಳು. ಉಗಿದು ಬಾಯಿ ತೆರೆದು ಅಳತೊಡಗಿದಳು.

ಯಾರಿಗೂ ನಗಬೇಕೋ ಬೇಡವೋ ತಿಳಿಯಲಿಲ್ಲ. ಅಳುತ್ತಿದ್ದರೂ ಆ ಮಗು ಅಮ್ಮನ ಕಡೆ ಕೈ ಚಾಚಲಿಲ್ಲ. ಅಜ್ಜನ ಹೊಸ ಅಂಗಿಯ ಗುಂಡಿ ಹಿಡಿದು ಎಳೆಯಿತು, ಅಂಗಿಯ ಒಳಗೆ ಮುಖ ತೂರಿಸಲು ನೋಡಿತು.

“ಸಿಸ್ಟರೇ, ಇದನ್ನು ಸ್ವಲ್ಪ ಹಿಡ್ಕೊಳ್ಳಿ,” ಎಂದು ಕುಶಾಲಪ್ಪಣ್ಣ ಸೀಸೆಯನ್ನು ನನ್ನ ಕೈಗೆ ಕೊಟ್ಟರು. ಗುಂಡಿ ಬಿಚ್ಚಿ ಮಗುವನ್ನು ಎದೆಗೆ ಹಾಕಿಕೊಂಡರು. ಒಂದು ಕೈ ತಲೆಯ ಮೇಲೆ ಇಟ್ಟರು, ಇನ್ನೊಂದರಲ್ಲಿ ಕಾಲು ಮಡಚಿ ಹಿಡಿದರು. ಅವಳು ಈಗ ದೊಡ್ಡವಳು, ಕಾಲು ಅವರ ಕೈಯಲ್ಲಿ ನಿಲ್ಲದೆ ಹೊರಗೆ ಜೋತಾಡುತ್ತಿತ್ತು. ಆದರೂ ಹಿಡಿದುಕೊಂಡರು. ಅಳು ಅರ್ಧಕ್ಕೆ ನಿಂತಿತು.